ಮಾಡೆಲ್ ವಿಮಾನದ ಲಿಪೊ ಬ್ಯಾಟರಿ: ಅಳೆದು ಆರಿಸುವ, ಲೋಡ್ ಹಾಕಿ ಪರೀಕ್ಷಿಸುವ ಕ್ರಮ

ಚಾರ್ಜರ್ 12.6 ವೋಲ್ಟ್ ತೋರಿಸಿತ್ತು, ಬ್ಯಾಟರಿ ಹೊಸದು, ಅದರ ಮೇಲೆ 40ಸಿ (ಎಷ್ಟು ಕರೆಂಟ್ ಕೊಡಬಲ್ಲದು ಎಂಬ ಅಂಕಿ) ಎಂದು ದೊಡ್ಡದಾಗಿ ಅಚ್ಚಾಗಿತ್ತು. ಆದರೂ ಎರಡನೇ ಸುತ್ತಿನಲ್ಲಿ ಥ್ರಾಟಲ್ ಏರಿಸಿದ ಕೂಡಲೇ ಮೋಟರ್ ನಿಂತಿತು, ವಿಮಾನ ಬಿತ್ತು. ಹೊಸದಾಗಿ ಹಾರಿಸಲು ಕಲಿತವರಿಂದ ನಾನು ಮತ್ತೆ ಮತ್ತೆ ಕೇಳುವ ದೂರು ಇದೊಂದೇ. ನನಗೂ ಇದೇ ಆಗಿದೆ. ಒಣಗಿದ ಕೆರೆಯಂಗಳದಲ್ಲಿ ಮುರಿದ ರೆಕ್ಕೆಯನ್ನು ಎತ್ತಿಕೊಂಡು ನಿಂತಾಗಲೂ ಬ್ಯಾಟರಿ 12 ವೋಲ್ಟ್ ಮೇಲೆಯೇ ತೋರಿಸುತ್ತಿತ್ತು. ಸುಮ್ಮನೆ ಕುಳಿತ ಬ್ಯಾಟರಿಯ ವೋಲ್ಟೇಜ್ ಅದರಲ್ಲಿ ಎಷ್ಟು ಚಾರ್ಜ್ ಇದೆ ಎಂದು ಹೇಳುತ್ತದೆಯೇ ಹೊರತು, ಕೇಳಿದಷ್ಟು ಕರೆಂಟ್ ಕೊಡುವ ತಾಕತ್ತು ಇದೆಯೇ ಎಂದು ಹೇಳುವುದಿಲ್ಲ. ಅದನ್ನು ತಿಳಿಯಬೇಕಾದರೆ ಲೋಡ್ ಹಾಕಿ, ಒಂದೊಂದು ಸೆಲ್ಲನ್ನೂ ಬೇರೆಯಾಗಿ ಓದಬೇಕು.

ಉದಾಹರಣೆಗೆ ನಮ್ಮಲ್ಲಿ ಕಾಲೇಜು ವಿದ್ಯಾರ್ಥಿಗಳಿಂದ ಹಿಡಿದು ಎಲ್ಲರೂ ಮೊದಲು ಕಟ್ಟುವ ಜೋಡಣೆಯನ್ನೇ ತೆಗೆದುಕೊಳ್ಳುತ್ತೇನೆ: 2212 ಅಳತೆಯ 1000 ಕೆವಿ (ಒಂದು ವೋಲ್ಟಿಗೆ ನಿಮಿಷಕ್ಕೆ 1000 ಸುತ್ತು) ಮೋಟರ್, 30 ಆಂಪಿಯರ್ ಇಎಸ್‌ಸಿ (ಮೋಟರಿನ ವೇಗ ನಿಯಂತ್ರಿಸುವ ಸಾಧನ), 10 ಇಂಚಿನ ಪ್ರೊಪೆಲ್ಲರ್, 3ಎಸ್ (ಮೂರು ಸೆಲ್ ಸಾಲಾಗಿ ಸೇರಿದ) 2200 ಎಂಎಎಚ್ (ಮಿಲಿಆಂಪಿಯರ್-ಗಂಟೆ, ಅಂದರೆ ಹಿಡಿಯುವ ಚಾರ್ಜ್) ಲಿಪೊ (ಲಿಥಿಯಂ ಪಾಲಿಮರ್ ಬ್ಯಾಟರಿ). ನಿಮ್ಮ ವಿಮಾನ ಬೇರೆಯಾದರೆ ಅಂಕಿಗಳು ಬದಲಾಗುತ್ತವೆ, ಕ್ರಮ ಬದಲಾಗುವುದಿಲ್ಲ.

ಮೊದಲು ಹೊಂದಿಸಿಕೊಳ್ಳಬೇಕಾದ ಸಾಮಾನು

ಆಂತರಿಕ ರೋಧವನ್ನೂ (ಕರೆಂಟಿಗೆ ಬ್ಯಾಟರಿಯೊಳಗೇ ಇರುವ ತಡೆ) ತುಂಬಿದ ಎಂಎಎಚ್ ಅನ್ನೂ ತೋರಿಸುವ ಬ್ಯಾಲೆನ್ಸ್ ಚಾರ್ಜರ್ (ಎಲ್ಲ ಸೆಲ್ಲನ್ನೂ ಸಮನಾಗಿ ತುಂಬಿಸುವಂಥದು) ಬೇಕು. ಮೂರು ದೀಪ ಮಾತ್ರ ಇರುವ ಅಗ್ಗದ ಚಾರ್ಜರ್ ಬ್ಯಾಟರಿ ತುಂಬುತ್ತದೆ, ಆದರೆ ಏನನ್ನೂ ಹೇಳುವುದಿಲ್ಲ. ಪರೀಕ್ಷೆಗೆ ಅದು ಪ್ರಯೋಜನವಿಲ್ಲ. ಬ್ಯಾಟರಿ ಮತ್ತು ಇಎಸ್‌ಸಿ ನಡುವೆ ಸೇರಿಸುವ ವ್ಯಾಟ್‌ಮೀಟರ್, ಬ್ಯಾಲೆನ್ಸ್ ಲೀಡಿಗೆ (ಒಂದೊಂದು ಸೆಲ್ಲಿಗೂ ಹೋಗುವ ತೆಳು ವೈರುಗಳ ಪ್ಲಗ್) ಚುಚ್ಚುವ ಸೆಲ್ ಚೆಕರ್, ಅದರಲ್ಲೇ ಕೂಗುವ ಅಲಾರಂ ಇದ್ದರೆ ಇನ್ನೂ ಒಳ್ಳೆಯದು. ಅಡುಗೆಮನೆಯ ಡಿಜಿಟಲ್ ತಕ್ಕಡಿ, ಒಂದು ಬಕೆಟ್ ಒಣ ಮರಳು, ಒಂದು ನೋಟ್‌ಬುಕ್, ಅಳಿಸದ ಮಾರ್ಕರ್.

ಇನ್ನೊಂದು ಸಾಧನವನ್ನು ನೀವೇ ಮಾಡಿಕೊಳ್ಳಬೇಕು: ಬಲ್ಬಿನ ಲೋಡ್. ಕಾರಿನ ಬಿಡಿಭಾಗದ ಅಂಗಡಿಯಲ್ಲಿ 12 ವೋಲ್ಟ್ 55 ವ್ಯಾಟ್‌ನ ನಾಲ್ಕು ಹ್ಯಾಲೊಜೆನ್ ಬಲ್ಬುಗಳನ್ನು ತನ್ನಿ. ಒಂದು ಬಲ್ಬು ಸುಮಾರು 4.5 ಆಂಪಿಯರ್ ಎಳೆಯುತ್ತದೆ, ನಾಲ್ಕೂ ಸೇರಿ 18. ನಾಲ್ಕನ್ನೂ ಪ್ಯಾರಲಲ್ ಆಗಿ ಜೋಡಿಸಿ, ಆದರೆ ಒಂದು ನೇರವಾಗಿ ಉರಿಯಲಿ, ಉಳಿದ ಮೂರು ಗೀಸರಿಗೆ ಹಾಕುವಂಥ 20 ಆಂಪಿಯರ್ ಸ್ವಿಚ್ಚಿನ ಮೂಲಕ ಸೇರಲಿ. ವೈರ್ ದಪ್ಪವಿರಲಿ, ಬೆಸುಗೆ ಗಟ್ಟಿಯಾಗಿರಲಿ. ಬಲ್ಬುಗಳನ್ನು ಟೈಲ್ಸ್ ತುಂಡಿನ ಮೇಲೆ ಕೂರಿಸಿ. ಅವು ಪ್ಲಾಸ್ಟಿಕ್ ಕರಗಿಸುವಷ್ಟು ಕಾಯುತ್ತವೆ, ಗಾಜನ್ನು ಬರಿಗೈಯಲ್ಲಿ ಮುಟ್ಟಬಾರದು.

ಹಂತ 1: ಬ್ಯಾಟರಿಗಿಂತ ಮೊದಲು ವಿಮಾನವನ್ನು ಅಳೆಯಿರಿ

ಹೆಚ್ಚಿನವರು ಎಡವುವುದು ಇಲ್ಲಿಯೇ. ಮೊದಲು ಬ್ಯಾಟರಿ ಕೊಳ್ಳುತ್ತಾರೆ, ಆಮೇಲೆ ವಿಮಾನಕ್ಕೆ ಅದು ಸಾಲುತ್ತದೆಯೇ ಎಂದು ಕೇಳುತ್ತಾರೆ. ಗೆಳೆಯರಿಂದ ಅದೇ ಸೆಲ್ ಸಂಖ್ಯೆಯ ಒಂದು ಒಳ್ಳೆಯ ಬ್ಯಾಟರಿಯನ್ನು ಅರ್ಧ ದಿನಕ್ಕೆ ಎರವಲು ತನ್ನಿ.

ವಿಮಾನವನ್ನು ಹಿಂದಿನಿಂದ ಗಟ್ಟಿಯಾಗಿ ಕಟ್ಟಿ. ಪೂರ್ತಿ ಚಾರ್ಜ್ ಆದ ಬ್ಯಾಟರಿ ಮತ್ತು ಇಎಸ್‌ಸಿ ನಡುವೆ ವ್ಯಾಟ್‌ಮೀಟರ್ ಸೇರಿಸಿ. ಪ್ರೊಪೆಲ್ಲರ್ ತಿರುಗುವ ಗೆರೆಯಲ್ಲಿ, ಅಂದರೆ ಅದರ ಪಕ್ಕದಲ್ಲಿ, ಯಾರೂ ನಿಲ್ಲಬಾರದು. ನೀವು ಹಿಂದೆ ಇರಿ. ಥ್ರಾಟಲ್ ಪೂರ್ತಿ ಏರಿಸಿ, ಹತ್ತು ಸೆಕೆಂಡಿನೊಳಗೆ ಆಂಪಿಯರ್ ಓದಿ ಇಳಿಸಿಬಿಡಿ. ಗಾಳಿಯಲ್ಲಿ ಹಾರುವಾಗ ಇದಕ್ಕಿಂತ ತುಸು ಕಡಿಮೆಯೇ ಎಳೆಯುತ್ತದೆ, ಆದ್ದರಿಂದ ಈ ಅಂಕಿಯನ್ನು ನಂಬಿ ಲೆಕ್ಕ ಹಾಕಬಹುದು. ನಮ್ಮ ಉದಾಹರಣೆಯಲ್ಲಿ ಅದು 18 ಆಂಪಿಯರ್ ಎಂದಿಟ್ಟುಕೊಳ್ಳೋಣ.

ಪ್ರೊಪೆಲ್ಲರ್ ಬದಲಿಸಿದರೆ ಮತ್ತೆ ಅಳೆಯಬೇಕು. ಪಿಚ್ (ಒಂದು ಸುತ್ತಿಗೆ ಮುಂದೊತ್ತುವ ದೂರ) ಅದೇ ಇದ್ದು, ಅದೇ ವೇಗದಲ್ಲಿ ತಿರುಗಿದರೆ ಪ್ರೊಪೆಲ್ಲರ್ ಎಳೆಯುವ ಶಕ್ತಿ ಸುಮಾರಾಗಿ ವ್ಯಾಸದ ನಾಲ್ಕನೇ ಘಾತಕ್ಕೆ ಹೊಂದಿ ಏರುತ್ತದೆ. 9 ಇಂಚಿನಿಂದ 10ಕ್ಕೆ ಹೋದರೆ ಸುಮಾರು ಒಂದೂವರೆ ಪಟ್ಟು. ಹಾಗೆಯೇ ಅದೇ ಪ್ರೊಪೆಲ್ಲರ್ ಇಟ್ಟುಕೊಂಡು 3ಎಸ್ ಬದಲು 4ಎಸ್ ಹಾಕುವುದು ಇಎಸ್‌ಸಿ ಸುಡುವ ನೇರ ದಾರಿ. ವೋಲ್ಟೇಜ್ ಏರಿದಂತೆ ಕರೆಂಟೂ ಏರುತ್ತದೆ, ಇಳಿಯುವುದಿಲ್ಲ.

ಹಂತ 2: ಅಳತೆಯಿಂದ ಬ್ಯಾಟರಿಗೆ

ಸೆಲ್ ಸಂಖ್ಯೆಯನ್ನು ಮೋಟರಿನ ವಿವರಪಟ್ಟಿ ನಿರ್ಧರಿಸುತ್ತದೆ, ಅಲ್ಲಿ ನಿಮ್ಮ ಆಸೆಗೆ ಜಾಗವಿಲ್ಲ. ಎಂಎಎಚ್ ಮತ್ತು ಸಿ ರೇಟಿಂಗ್ ಮಾತ್ರ ನಿಮ್ಮ ಕೈಯಲ್ಲಿವೆ.

ಎಂಎಎಚ್ ಲೆಕ್ಕ ಹೀಗೆ. ಸಾಮರ್ಥ್ಯದ ಶೇಕಡ 80ನ್ನು ಮಾತ್ರ ಬಳಸುವುದೆಂದು ಮೊದಲೇ ತೀರ್ಮಾನಿಸಿ. 2200ರಲ್ಲಿ ಅದು 1760. ಸಾಧಾರಣ ಹಾರಾಟದಲ್ಲಿ ಸರಾಸರಿ ಕರೆಂಟ್ ಪೂರ್ಣ ಥ್ರಾಟಲ್ಲಿನ ಅರ್ಧದಷ್ಟಿರುತ್ತದೆ, ಅಂದರೆ 9 ಆಂಪಿಯರ್. 1.76 ಅನ್ನು 9ರಿಂದ ಭಾಗಿಸಿ 60ರಿಂದ ಗುಣಿಸಿದರೆ 11 ನಿಮಿಷಕ್ಕೆ ಸ್ವಲ್ಪ ಮೇಲೆ. ಕಲಿಯುವವರಿಗೆ ಇದು ಧಾರಾಳ. ಇನ್ನೂ ಹೆಚ್ಚು ಹೊತ್ತು ಹಾರಿಸಬೇಕೆಂದು 4000ದ ಬ್ಯಾಟರಿ ತುರುಕಬೇಡಿ. ವಿಮಾನ ಭಾರವಾಗುತ್ತದೆ, ಗುರುತ್ವ ಕೇಂದ್ರ ಜರುಗುತ್ತದೆ, ಇಳಿಯುವ ವೇಗ ಹೆಚ್ಚುತ್ತದೆ. ಅದೇ ಹಣಕ್ಕೆ 2200ರ ಎರಡು ಬ್ಯಾಟರಿ ತೆಗೆದುಕೊಳ್ಳುವುದು ಎಲ್ಲ ರೀತಿಯಲ್ಲೂ ಮೇಲು.

ಸಿ ಎಂದರೆ ಸಾಮರ್ಥ್ಯದ ಎಷ್ಟು ಪಟ್ಟು ಕರೆಂಟನ್ನು ಒಂದೇ ಸಮನೆ ಕೊಡಬಲ್ಲದು ಎಂಬುದು. 2.2ನ್ನು 25ರಿಂದ ಗುಣಿಸಿದರೆ 55 ಆಂಪಿಯರ್. ನಮಗೆ ಬೇಕಾದದ್ದು 18, ಅಂದರೆ ಸುಮಾರು 8ಸಿ. ಹಾಗಾದರೆ 10ಸಿ ಸಾಕೇ? ಸಾಲದು. ಲೇಬಲ್ಲಿನ ಸಿ ಅಂಕಿಯನ್ನು ಯಾರೂ ಪರೀಕ್ಷಿಸಿ ಅಚ್ಚು ಹಾಕಿರುವುದಿಲ್ಲ, ಅದು ಬಹಳ ಸಲ ಉಬ್ಬಿದ ಅಂಕಿ. ಅಳೆದ ಕರೆಂಟಿನ ಎರಡೂವರೆಯಿಂದ ಮೂರು ಪಟ್ಟನ್ನು ಲೇಬಲ್ ಹೇಳುತ್ತಿರಬೇಕು ಎಂಬುದು ನಾನು ಪಾಲಿಸುವ ನಿಯಮ. ಇಲ್ಲಿಗೆ 25ಸಿ ಸರಿಹೋಗುತ್ತದೆ. ಬರ್ಸ್ಟ್ (ಕೆಲವೇ ಸೆಕೆಂಡ್ ಕೊಡಬಲ್ಲದ್ದು) ಎಂದು ಬರೆದ ದೊಡ್ಡ ಅಂಕಿಯನ್ನು ಓದಲೇಬೇಡಿ. 60ಸಿ ತೆಗೆದುಕೊಂಡರೆ ಅಷ್ಟೇ ಎಂಎಎಚ್‌ಗೆ ಹೆಚ್ಚು ತೂಕ ಹೊರಬೇಕು.

ಬ್ಯಾಟರಿ ಕೂರುವ ಗೂಡಿನ ಉದ್ದ, ಅಗಲ, ಎತ್ತರವನ್ನು ಮಿಲಿಮೀಟರಿನಲ್ಲಿ ಬರೆದುಕೊಂಡು ಹೋಗಿ. ಕನೆಕ್ಟರ್ ನಿಮ್ಮ ಇಎಸ್‌ಸಿಗೆ ಹೊಂದಬೇಕು. ಈ ಅಳತೆಗೆ ಸಾಮಾನ್ಯವಾಗಿ ಎಕ್ಸ್‌ಟಿ60. ಅಡಾಪ್ಟರ್ ಮೇಲೆ ಅಡಾಪ್ಟರ್ ಹಾಕಿದರೆ ಪ್ರತಿ ಜೋಡಣೆಯಲ್ಲೂ ವೋಲ್ಟೇಜ್ ಸೋರುತ್ತದೆ.

ಲಿಪೊ ಹೊರತಾದವುಗಳ ಬಗ್ಗೆ ಒಂದೇ ಮಾತು. ಪೆಟ್ರೋಲ್ ಅಥವಾ ಗ್ಲೋ ಎಂಜಿನ್ ವಿಮಾನದ ರಿಸೀವರಿಗೆ 2ಎಸ್ ಲೈಫ್ (ಲಿಥಿಯಂ ಐರನ್ ಫಾಸ್ಫೇಟ್) ಬ್ಯಾಟರಿ ಒಳ್ಳೆಯದು, ಆದರೆ ಅದರ ಸೆಲ್ 3.6 ವೋಲ್ಟಿಗೆ ತುಂಬುತ್ತದೆ. ಅದನ್ನು ಲಿಪೊ ಪ್ರೋಗ್ರಾಮಿನಲ್ಲಿ 4.2ಕ್ಕೆ ಚಾರ್ಜ್ ಮಾಡುವುದು ನೇರ ಅಪಾಯ. ನಿಧಾನವಾಗಿ ತೇಲುವ ಗ್ಲೈಡರುಗಳಿಗೆ ಲಿಥಿಯಂ ಅಯಾನ್ ಪ್ಯಾಕ್ ಹೆಚ್ಚು ಹೊತ್ತು ಬರುತ್ತದೆ, ಆದರೆ ಅದು ಹೆಚ್ಚು ಕರೆಂಟ್ ಕೊಡಲಾರದು.

ಹಂತ 3: ಅಂಗಡಿಯಲ್ಲಿ, ಅಥವಾ ಪಾರ್ಸೆಲ್ ಬಂದ ದಿನ

ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ಕೊಳ್ಳುವುದಾದರೆ ಸೆಲ್ ಚೆಕರನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ, ಹಣ ಕೊಡುವ ಮೊದಲು ಅಳೆಯುತ್ತೇನೆ ಎಂದು ಹೇಳಿ. ಸರಿಯಾಗಿ ಇಟ್ಟ ಹೊಸ ಬ್ಯಾಟರಿಯ ಪ್ರತಿ ಸೆಲ್ 3.80ರಿಂದ 3.85 ವೋಲ್ಟ್ ಆಸುಪಾಸಿನಲ್ಲಿರುತ್ತದೆ. ಯಾವುದೇ ಸೆಲ್ 3.3ಕ್ಕಿಂತ ಕೆಳಗಿದ್ದರೆ ಬೇಡ. ಸೆಲ್ಲುಗಳ ನಡುವೆ 0.03 ವೋಲ್ಟಿಗಿಂತ ಹೆಚ್ಚು ಅಂತರವಿದ್ದರೂ ಬೇಡ. ಮೂರೂ 4.2 ತೋರಿಸಿದರೆ ಸಂತೋಷಪಡಬೇಡಿ. ಪೂರ್ತಿ ತುಂಬಿಸಿ ಎಷ್ಟು ತಿಂಗಳು ಶೆಲ್ಫಿನಲ್ಲಿಟ್ಟಿದ್ದರೋ ಎಂದು ಅನುಮಾನಿಸಿ.

ಆಮೇಲೆ ತೂಗಿ. 3ಎಸ್ 2200 ಎಂಎಎಚ್, 25ಸಿಯಿಂದ 30ಸಿ ಬ್ಯಾಟರಿ ವೈರು ಸಮೇತ ಸಾಮಾನ್ಯವಾಗಿ 170ರಿಂದ 190 ಗ್ರಾಂ ತೂಗುತ್ತದೆ. 130 ಗ್ರಾಂ ತೂಗಿದರೆ ಒಳಗೆ 2200 ಇಲ್ಲವೆಂದೇ ತಿಳಿಯಿರಿ. ಲೇಬಲ್ಲಿನ ಮೇಲೆ ಯಾವ ಅಂಕಿಯನ್ನಾದರೂ ಅಚ್ಚು ಹಾಕಬಹುದು, ತೂಕವನ್ನು ಅಚ್ಚು ಹಾಕಲಾಗುವುದಿಲ್ಲ.

ಅಂಗೈಯಲ್ಲಿಟ್ಟು ಮೆತ್ತಗೆ ಒತ್ತಿ. ಸಮತಟ್ಟಾಗಿ, ಬಿಗಿಯಾಗಿ ಇರಬೇಕು. ದಿಂಬಿನಂತೆ ಉಬ್ಬಿದ್ದರೆ, ಮೂಲೆ ತಗ್ಗಾಗಿದ್ದರೆ, ನೈಲ್ ಪಾಲಿಶ್ ತೆಗೆಯುವ ದ್ರಾವಣದಂಥ ಸಿಹಿ ವಾಸನೆ ಬಂದರೆ ಅಲ್ಲಿಯೇ ಬಿಟ್ಟುಬನ್ನಿ.

ಆನ್‌ಲೈನ್‌ನಲ್ಲಿ ತರಿಸಿದವರು ಪೆಟ್ಟಿಗೆ ಬಿಚ್ಚುವುದನ್ನೂ ಮೊದಲ ಅಳತೆಯನ್ನೂ ವಿಡಿಯೊ ಮಾಡಿಕೊಳ್ಳಿ. ಬದಲಿಸಿಕೊಡುವ ಅವಧಿ ಮುಗಿಯುವುದರೊಳಗೆ ಮುಂದಿನ ಮೂರು ಹಂತಗಳನ್ನೂ ಮುಗಿಸಿ. ವಿಮಾನ ಕಟ್ಟಿ ಮುಗಿದ ಮೇಲೆ ನೋಡೋಣ ಎಂದು ಎರಡು ತಿಂಗಳು ಬ್ಯಾಟರಿಯನ್ನು ಮುಚ್ಚಿಟ್ಟವರೇ ಹೆಚ್ಚು ಕಳೆದುಕೊಂಡಿದ್ದಾರೆ.

ಹಂತ 4: ಮೊದಲ ಚಾರ್ಜ್

ಬ್ಯಾಟರಿಯ ಮೇಲೆ ಮಾರ್ಕರಿನಿಂದ ಒಂದು ಸಂಖ್ಯೆ ಮತ್ತು ಕೊಂಡ ತಿಂಗಳು ಬರೆಯಿರಿ. ನೋಟ್‌ಬುಕ್ಕಿನಲ್ಲಿ ಅದಕ್ಕೊಂದು ಪುಟ ಕೊಡಿ.

ಟೈಲ್ಸ್ ಅಥವಾ ಸಿಮೆಂಟ್ ನೆಲದ ಮೇಲೆ ಇಟ್ಟು ಚಾರ್ಜ್ ಮಾಡಿ. ಮಂಚ, ಸೋಫಾ, ಪುಸ್ತಕದ ಮೇಜು ಬೇಡ. ಚಾರ್ಜರಿನಲ್ಲಿ ಮೂರು ಸಂಗತಿಗಳನ್ನು ಬಾಯಿಬಿಟ್ಟು ಓದಿಕೊಂಡು ಒತ್ತಿ: ಲಿಪೊ ಬ್ಯಾಲೆನ್ಸ್ ಪ್ರೋಗ್ರಾಮ್, 3ಎಸ್, 2.2 ಆಂಪಿಯರ್. ಲೇಬಲ್ 5ಸಿ ಚಾರ್ಜ್ ಎಂದು ಹೇಳಿದರೂ 1ಸಿಯಲ್ಲೇ ತುಂಬಿಸಿ. ಮುಗಿಯುವವರೆಗೆ ಆ ಕೋಣೆ ಬಿಟ್ಟು ಹೋಗಬೇಡಿ, ರಾತ್ರಿ ಚಾರ್ಜಿಗೆ ಹಾಕಿ ಮಲಗಲೇಬೇಡಿ.

ಮುಗಿದಾಗ ಮೂರೂ ಸೆಲ್ 4.20ರ ಹತ್ತಿರ, ಪರಸ್ಪರ 0.01ರಿಂದ 0.02 ವೋಲ್ಟಿನೊಳಗೆ ಇರಬೇಕು. ಒಂದು ಸೆಲ್ ಸದಾ ಹಿಂದುಳಿದು, ಚಾರ್ಜರ್ ಕೊನೆಯ ಹಂತದಲ್ಲಿ ಗಂಟೆಗಟ್ಟಲೆ ಒದ್ದಾಡುತ್ತಿದ್ದರೆ ಅದು ಎಚ್ಚರಿಕೆ. ಚಾರ್ಜ್ ಆಗುವಾಗ ಒಳ್ಳೆಯ ಬ್ಯಾಟರಿ ಬಿಸಿಯಾಗುವುದಿಲ್ಲ. ಬಿಸಿಯಾದರೆ, ಉಬ್ಬತೊಡಗಿದರೆ ಚಾರ್ಜ್ ನಿಲ್ಲಿಸಿ, ಹೊರಗೆ ಮರಳಿನ ಬಕೆಟ್ಟಿಗೆ ಹಾಕಿ. ಹೊಗೆ ಬಂದರೆ ಹತ್ತಿರ ಹೋಗಬೇಡಿ, ಅದು ವಿಷ.

ಹಂತ 5: ಲೋಡ್ ಪರೀಕ್ಷೆ

ಮೊದಲು ಚಾರ್ಜರ್ ತೋರಿಸುವ ಆಂತರಿಕ ರೋಧವನ್ನು ಬರೆದುಕೊಳ್ಳಿ. ಈ ಅಂಕಿ ಒಂದು ಚಾರ್ಜರಿನಿಂದ ಇನ್ನೊಂದಕ್ಕೆ ಬದಲಾಗುತ್ತದೆ, ತಂಪಿದ್ದರೆ ಏರುತ್ತದೆ. ಆದ್ದರಿಂದ ಗೆಳೆಯರ ಅಂಕಿಯೊಂದಿಗೆ ಹೋಲಿಸಬೇಡಿ. ಅದೇ ಚಾರ್ಜರ್, ಅದೇ ಚಾರ್ಜ್ ಮಟ್ಟ, ಸುಮಾರು 25 ಡಿಗ್ರಿಯ ಕೋಣೆ, ಹೀಗೆ ಅಳೆದ ನಿಮ್ಮದೇ ಹಳೆಯ ಅಂಕಿಯೊಂದಿಗೆ ಹೋಲಿಸಿ. ಒಮ್ಮೆ ನೋಡಿ ಮರೆತರೆ ಅದು ಬರಿಯ ಸಂಖ್ಯೆ.

ಈಗ ಬಲ್ಬುಗಳು. ಬ್ಯಾಟರಿ, ವ್ಯಾಟ್‌ಮೀಟರ್, ಬಲ್ಬುಗಳು ಈ ಕ್ರಮದಲ್ಲಿ. ಬ್ಯಾಲೆನ್ಸ್ ಲೀಡಿಗೆ ಸೆಲ್ ಚೆಕರ್. ಮೊದಲ ಬಲ್ಬು ಒಂದು ನಿಮಿಷ ಉರಿಯಲಿ. ಆಗ ತಾನೇ ತುಂಬಿದ ಬ್ಯಾಟರಿಯ ವೋಲ್ಟೇಜಿನ ಮೇಲ್ಪದರದ ಏರಿಕೆ ಇಳಿಯುತ್ತದೆ. ಮೂರೂ ಸೆಲ್ಲಿನ ವೋಲ್ಟೇಜ್ ಬರೆಯಿರಿ. ಸ್ವಿಚ್ ಒತ್ತಿ ನಾಲ್ಕೂ ಬಲ್ಬು ಉರಿಸಿ, ಹತ್ತು ಸೆಕೆಂಡ್ ಎಣಿಸಿ, ಮತ್ತೆ ಬರೆಯಿರಿ. ಸ್ವಿಚ್ ಆರಿಸಿ.

ನನ್ನ ಪುಸ್ತಕದ ಒಂದು ಪುಟದಲ್ಲಿ ಹೀಗಿದೆ. ಒಂದು ಬಲ್ಬಿಗೆ: 4.08, 4.07, 4.05. ನಾಲ್ಕು ಬಲ್ಬಿಗೆ: 3.98, 3.97, 3.79. ಕರೆಂಟಿನ ವ್ಯತ್ಯಾಸ 13.5 ಆಂಪಿಯರ್. ಮೊದಲ ಎರಡು ಸೆಲ್ಲುಗಳು 0.10 ವೋಲ್ಟ್ ಕುಸಿದಿವೆ, 0.10ನ್ನು 13.5ರಿಂದ ಭಾಗಿಸಿದರೆ 7.4 ಮಿಲಿಓಮ್. ಮೂರನೆಯದು 0.26 ಕುಸಿದಿದೆ, ಅಂದರೆ 19 ಮಿಲಿಓಮ್. ಕೆರೆಯಂಗಳದಲ್ಲಿ ನನ್ನ ವಿಮಾನವನ್ನು ಕೆಡವಿದ್ದು ಆ ಮೂರನೇ ಸೆಲ್.

ಆ ಹೊತ್ತಿನಲ್ಲಿ ಮೂರೂ ಸೇರಿದ ಮೊತ್ತ 11.74 ವೋಲ್ಟ್. ಮೊತ್ತ ಮಾತ್ರ ನೋಡುವವರಿಗೆ ಎಲ್ಲವೂ ಸರಿ ಎನಿಸುತ್ತದೆ. ಇಎಸ್‌ಸಿ ಕೂಡ ಮೊತ್ತವನ್ನೇ ನೋಡುತ್ತದೆ. ಅದು 9.6 ವೋಲ್ಟಿಗೆ ಮೋಟರ್ ನಿಲ್ಲಿಸುವಂತೆ ಹೊಂದಿಸಿದ್ದರೆ, ಎರಡು ಸೆಲ್ 3.6ರಲ್ಲಿ, ಮೂರನೆಯದು 2.7ರಲ್ಲಿ ಇದ್ದಾಗಲೂ ಮೊತ್ತ 9.9 ಇರುತ್ತದೆ. ಇಎಸ್‌ಸಿ ಸುಮ್ಮನಿರುತ್ತದೆ, ದುರ್ಬಲ ಸೆಲ್ ಇನ್ನಷ್ಟು ಹಾಳಾಗುತ್ತದೆ. ಮುಂದಿನ ಹಾರಾಟದಲ್ಲಿ ಜೋರಾಗಿ ಮೇಲೇರುವಾಗ ಮೊತ್ತವೂ ಗಡಿ ದಾಟಿ, ಅತ್ಯಂತ ಬೇಡವಾದ ಗಳಿಗೆಯಲ್ಲಿ ಮೋಟರ್ ನಿಲ್ಲುತ್ತದೆ.

ಈ ಬಲ್ಬಿನ ಪರೀಕ್ಷೆಯಲ್ಲಿ 2200ರ ಬ್ಯಾಟರಿಗೆ ನಾನು ಇಟ್ಟುಕೊಂಡಿರುವ ಗಡಿ: 8 ಮಿಲಿಓಮ್ ವರೆಗೆ ಒಳ್ಳೆಯದು, 12 ದಾಟಿದರೆ ಸೌಮ್ಯ ಹಾರಾಟಕ್ಕೆ ಮಾತ್ರ, 20ರ ಹತ್ತಿರ ಬಂದರೆ ವಿಮಾನಕ್ಕೆ ಹಾಕುವುದಿಲ್ಲ. ಸೆಲ್ಲುಗಳ ನಡುವೆ ಎರಡು ಮಿಲಿಓಮಿಗಿಂತ ಹೆಚ್ಚು ಅಂತರವಿದ್ದರೆ ಹೊಸದನ್ನು ಹಿಂದಿರುಗಿಸುತ್ತೇನೆ. ಎಂಎಎಚ್ ಕಡಿಮೆಯಾದಂತೆ ರೋಧ ಹೆಚ್ಚುತ್ತದೆ, ಆದ್ದರಿಂದ 1000 ಎಂಎಎಚ್ ಬ್ಯಾಟರಿಗೆ ಈ ಅಂಕಿಗಳ ಎರಡು ಪಟ್ಟು ಸಹಜ.

ಕೆಟ್ಟ ಅಂಕಿ ಬಂದ ತಕ್ಷಣ ಬ್ಯಾಟರಿಯನ್ನು ದೂರಬೇಡಿ. ಬ್ಯಾಲೆನ್ಸ್ ಪ್ಲಗ್ ತೆಗೆದು ಮತ್ತೆ ಹಾಕಿ, ಇನ್ನೊಮ್ಮೆ ಅಳೆಯಿರಿ. ಧೂಳು ಹಿಡಿದ ಪಿನ್ ಕೂಡ ಇಂಥದೇ ಸುಳ್ಳು ಹೇಳುತ್ತದೆ.

ಕೊನೆಯದಾಗಿ, ಬ್ಯಾಟರಿ ಅರ್ಧ ಖಾಲಿಯಾಗಿ ಪ್ರತಿ ಸೆಲ್ 3.82ರ ಸುಮಾರಿನಲ್ಲಿ ನಿಂತಾಗ ಮತ್ತೊಮ್ಮೆ ನಾಲ್ಕು ಬಲ್ಬು ಉರಿಸಿ. ಯಾವ ಸೆಲ್ಲೂ 3.5ಕ್ಕಿಂತ ಕೆಳಗೆ ಇಳಿಯಬಾರದು. ಪೂರ್ತಿ ತುಂಬಿದಾಗ ತೇರ್ಗಡೆಯಾಗಿ ಇಲ್ಲಿ ಸೋಲುವ ಬ್ಯಾಟರಿಗಳು ಬೇಕಾದಷ್ಟಿವೆ.

ಹಂತ 6: ನಿಜವಾದ ಎಂಎಎಚ್

ಚಾರ್ಜರಿನ ಡಿಸ್ಚಾರ್ಜ್ ಗುಂಡಿ ಒತ್ತಿ ಕಾಯುವವರಿದ್ದಾರೆ. ಚಿಕ್ಕ ಚಾರ್ಜರುಗಳು ಸಾಮಾನ್ಯವಾಗಿ 5 ವ್ಯಾಟಿಗಿಂತ ಹೆಚ್ಚು ಖಾಲಿ ಮಾಡಲಾರವು. 2200ರ ಬ್ಯಾಟರಿಗೆ ಐದು ಗಂಟೆ ಹಿಡಿಯುತ್ತದೆ. ಒಂದೇ ಬಲ್ಬಿನಲ್ಲಿ ಅರ್ಧ ಗಂಟೆಯೊಳಗೆ ಮುಗಿಯುತ್ತದೆ.

ಪೂರ್ತಿ ತುಂಬಿಸಿ, ಅಲಾರಮನ್ನು ಸೆಲ್ಲಿಗೆ 3.4 ವೋಲ್ಟಿಗೆ ಹೊಂದಿಸಿ, ಒಂದು ಬಲ್ಬು ಉರಿಸಿ. ಯಾವುದಾದರೂ ಒಂದು ಸೆಲ್ ಆ ಮಟ್ಟ ಮುಟ್ಟಿ ಅಲಾರಂ ಕೂಗಿದಾಗ ನಿಲ್ಲಿಸಿ. ಕೊನೆಯ ಐದು ನಿಮಿಷ ಕಣ್ಣು ಕೀಳಬೇಡಿ, ಕೊನೆಯಲ್ಲಿ ವೋಲ್ಟೇಜ್ ಜಾರುಬಂಡಿಯಂತೆ ಇಳಿಯುತ್ತದೆ. ವ್ಯಾಟ್‌ಮೀಟರ್ ತೋರಿಸಿದ ಎಂಎಎಚ್ ಬರೆಯಿರಿ. ತಣ್ಣಗಾದ ಮೇಲೆ ಮತ್ತೆ ತುಂಬಿಸಿ, ಚಾರ್ಜರ್ ಹೇಳುವ ಎಂಎಎಚ್ ಜೊತೆ ತಾಳೆ ನೋಡಿ. ಲಿಪೊದಲ್ಲಿ ತೆಗೆದಷ್ಟೇ ತುಂಬುತ್ತದೆ. 2000 ಬಂದರೆ ಚೆನ್ನ. 1760 ಕೂಡ ಬಾರದ ಹೊಸ ಬ್ಯಾಟರಿಯನ್ನು ಇಟ್ಟುಕೊಳ್ಳಬೇಡಿ.

ಹಂತ 7: ಟೈಮರ್ ಹೊಂದಿಸುವ ಹಾರಾಟ

ಮೊದಲ ಹಾರಾಟಕ್ಕೆ ಟ್ರಾನ್ಸ್‌ಮಿಟರಿನ ಟೈಮರ್ 6 ನಿಮಿಷಕ್ಕಿರಲಿ. ಇಳಿಸಿ, ಹದಿನೈದು ನಿಮಿಷ ಬಿಟ್ಟು ಸೆಲ್ಲುಗಳನ್ನು ಅಳೆಯಿರಿ, ಮನೆಗೆ ಹೋಗಿ ತುಂಬಿಸಿದಾಗ ಎಷ್ಟು ಎಂಎಎಚ್ ಹಿಡಿಯಿತು ನೋಡಿ. 1100 ಹಿಡಿದರೆ ನಿಮಿಷಕ್ಕೆ ಸುಮಾರು 183. ನಮ್ಮ 1760ಕ್ಕೆ ಒಂಬತ್ತೂವರೆ ನಿಮಿಷ ಬರುತ್ತದೆ. ಟೈಮರನ್ನು 9ಕ್ಕೆ ನಿಲ್ಲಿಸಿ. ಇಳಿದು ತಂಗಿದ ಬ್ಯಾಟರಿ ಸೆಲ್ಲಿಗೆ 3.75 ಆಸುಪಾಸು ತೋರಿಸಬೇಕು. 3.7ಕ್ಕಿಂತ ಕಡಿಮೆ ಬಂದರೆ ಒಂದು ನಿಮಿಷ ಕಡಿತ ಮಾಡಿ.

ಇಳಿದ ಕೂಡಲೇ ಬ್ಯಾಟರಿಯನ್ನು ಅಂಗೈಯಲ್ಲಿ ಹಿಡಿಯಿರಿ. ಹಿತವಾದ ಬೆಚ್ಚಗಿದ್ದರೆ ಸರಿ. ಐದು ಸೆಕೆಂಡ್ ಹಿಡಿಯಲಾಗದಷ್ಟು ಸುಡುತ್ತಿದ್ದರೆ ಒಂದೋ ಪ್ರೊಪೆಲ್ಲರ್ ದೊಡ್ಡದಾಗಿದೆ, ಇಲ್ಲವೇ ಲೇಬಲ್ಲಿನ ಸಿ ಸುಳ್ಳು. 60 ಡಿಗ್ರಿ ದಾಟಿದ ಪ್ರತಿ ಹಾರಾಟವೂ ಬ್ಯಾಟರಿಯ ಆಯುಸ್ಸನ್ನು ತಿನ್ನುತ್ತದೆ. ಬಿಸಿ ಇರುವಾಗ ಚಾರ್ಜಿಗೆ ಹಾಕಬೇಡಿ.

ಬೆಂಗಳೂರಿನ ಡಿಸೆಂಬರ್ ಬೆಳಗಿನಲ್ಲಿ ಅದೇ ಬ್ಯಾಟರಿ ಸೋತಂತೆ ಕಾಣುತ್ತದೆ. ಅದು ಹಾಳಾಗಿಲ್ಲ, ತಂಪಿಗೆ ರೋಧ ಏರಿದೆ. ಹಾರಿಸುವವರೆಗೆ ಜಾಕೆಟ್ಟಿನ ಒಳಜೇಬಿನಲ್ಲಿ ಇಟ್ಟುಕೊಳ್ಳಿ. ಕೀಲಿಕೈ, ನಾಣ್ಯಗಳಿರುವ ಜೇಬು ಮಾತ್ರ ಬೇಡ.

ಹಂತ 8: ಇಡುವ ಕ್ರಮ

ಎರಡು ಮೂರು ದಿನ ಹಾರಿಸುವುದಿಲ್ಲವೆಂದರೆ ಸ್ಟೋರೇಜ್ ಪ್ರೋಗ್ರಾಮಿನಲ್ಲಿ ಸೆಲ್ಲಿಗೆ 3.80ರಿಂದ 3.85ಕ್ಕೆ ತನ್ನಿ. ಮಳೆ ಬಂದು ಭಾನುವಾರದ ಹಾರಾಟ ತಪ್ಪಿತು, ತುಂಬಿಸಿದ ಬ್ಯಾಟರಿ ಮುಂದಿನ ಭಾನುವಾರದವರೆಗೆ ಹಾಗೆಯೇ ಉಳಿಯಿತು: ಬ್ಯಾಟರಿಗಳು ಉಬ್ಬುವುದು ಹೆಚ್ಚಾಗಿ ಹೀಗೆಯೇ, ಹಾರಾಟದಿಂದಲ್ಲ. ಕಲಬುರಗಿ, ರಾಯಚೂರಿನ ಮೇ ತಿಂಗಳ ಬಿಸಿಲಿನಲ್ಲಿ ಗಾಜು ಏರಿಸಿ ನಿಲ್ಲಿಸಿದ ಕಾರಿನಲ್ಲಿ ಒಂದು ಗಂಟೆಯೂ ಬಿಡಬೇಡಿ. ವಿಮಾನದೊಳಗೆ ಸೇರಿಸಿಯೇ ಇಡುವ ಅಭ್ಯಾಸವೂ ಬೇಡ. ರಿಸೀವರ್ ನಿಧಾನವಾಗಿ ಹೀರುತ್ತ ಬ್ಯಾಟರಿಯನ್ನು ಕೊಂದುಬಿಡುತ್ತದೆ.

ಹಂತ 9: ಯಾವಾಗ ಬಿಡಬೇಕು, ಹೇಗೆ ಬಿಡಬೇಕು

ತಿಂಗಳಿಗೊಮ್ಮೆ ಹಂತ 5ನ್ನು ಮತ್ತೆ ಮಾಡಿ. ಯಾವುದೇ ಸೆಲ್ಲಿನ ರೋಧ ಹೊಸದಿದ್ದಾಗಿನ ಎರಡು ಪಟ್ಟಾದರೆ, ಸಾಮರ್ಥ್ಯ ಶೇಕಡ 80ಕ್ಕಿಂತ ಇಳಿದರೆ, ತುಂಬಿಸಿಟ್ಟ ರಾತ್ರಿಯಲ್ಲೇ ಒಂದು ಸೆಲ್ ಉಳಿದವುಗಳಿಗಿಂತ ಕೆಳಗಿಳಿದರೆ ವಿಮಾನದಿಂದ ತೆಗೆಯಿರಿ. ಉಬ್ಬಿದ್ದು, ನೆಲಕ್ಕೆ ಬಡಿದು ತಗ್ಗಾದದ್ದು, ಸೆಲ್ 3 ವೋಲ್ಟಿಗಿಂತ ಕೆಳಗೆ ಹೋಗಿ ದಿನಗಟ್ಟಲೆ ಬಿದ್ದಿದ್ದದ್ದು, ಇವನ್ನು ಮತ್ತೆ ಚಾರ್ಜಿಗೆ ಹಾಕಲೇಬೇಡಿ. ಚಾರ್ಜರಿನ ಹಳೆಯ ನಿಕ್ಕೆಲ್ ಬ್ಯಾಟರಿಯ ಪ್ರೋಗ್ರಾಮಿನಲ್ಲಿ ಸ್ವಲ್ಪ ತುಂಬಿಸಿ ಎಬ್ಬಿಸಬಹುದು ಎಂದು ಸಲಹೆ ಕೊಡುವವರ ಮಾತು ಕೇಳಬೇಡಿ. ಮನೆಯಲ್ಲಿ ಮಕ್ಕಳಿರುತ್ತಾರೆ.

ವಿಮಾನ ಬಿದ್ದ ದಿನ ಬ್ಯಾಟರಿ ನೋಡಲು ಚೆನ್ನಾಗಿದ್ದರೂ ಅದನ್ನು ಒಂದು ಗಂಟೆ ಬಯಲಿನಲ್ಲಿ ದೂರವಿಟ್ಟು ಗಮನಿಸಿ, ಆಮೇಲೆ ಕಾರಿಗೆ ಹಾಕಿ. ಒಳಗಿನ ಪೆಟ್ಟು ತಡವಾಗಿ ಹೊತ್ತಿಕೊಳ್ಳಬಹುದು.

ಬಿಡುವ ಬ್ಯಾಟರಿಯನ್ನು ಹೊರಗೆ ಮರಳಿನ ಮೇಲಿಟ್ಟು, 12 ವೋಲ್ಟಿನ ಚಿಕ್ಕ ಇಂಡಿಕೇಟರ್ ಬಲ್ಬಿಗೆ ಜೋಡಿಸಿ. ಬಲ್ಬು ಪೂರ್ತಿ ಆರಿದ ಮೇಲೂ ಒಂದು ದಿನ ಹಾಗೆಯೇ ಬಿಡಿ, ಮಲ್ಟಿಮೀಟರಿನಲ್ಲಿ ಸೊನ್ನೆಗೆ ಬಂದಿದೆಯೇ ನೋಡಿ. ಕನೆಕ್ಟರ್ ಉಳಿಸಿಕೊಳ್ಳಬೇಕಾದರೆ ಕೆಂಪು ಮತ್ತು ಕಪ್ಪು ವೈರುಗಳನ್ನು ಒಟ್ಟಿಗೆ ಕತ್ತರಿಸದೆ, ಒಂದನ್ನು ಕತ್ತರಿಸಿ ಟೇಪ್ ಸುತ್ತಿದ ಮೇಲೆ ಇನ್ನೊಂದನ್ನು ಕತ್ತರಿಸಿ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಇದನ್ನು ಮನೆಕಸದ ಜೊತೆ ಸೇರಿಸುವಂತಿಲ್ಲ. ಇ-ತ್ಯಾಜ್ಯ ಸಂಗ್ರಹಿಸುವವರ ಕೈಗೆ ಕೊಡಿ. ನೋಟ್‌ಬುಕ್ಕಿನಲ್ಲಿ ಆ ಪುಟದ ಕೊನೆಗೆ ದಿನಾಂಕ ಬರೆದು ಗೆರೆ ಎಳೆಯಿರಿ, ಆ ಸಂಖ್ಯೆಯನ್ನು ಮುಂದೆ ಬೇರೆ ಯಾವ ಬ್ಯಾಟರಿಗೂ ಕೊಡಬೇಡಿ.